ಇನ್ನೂರಿಪ್ಪತ್ತೆರಡನೆಯ ವರ್ಷದ ದ್ರಾಕ್ಷಿ ಕೊಯ್ಲು

ಅಧ್ಯಕ್ಷ ಪೀಠದಲ್ಲಿರುವ ದ್ರಾಕ್ಷಾರಸ ಉಗ್ರಾಣದ ಒಡೆಯ ಹುಮಾಯಕ್ ಅವರೇ, ಬಾಬಿಲೋನಿನಿಂದ ದಯಮಾಡಿಸಿರುವ ಜ್ಯೋತಿಷಿಗಳೇ, ಮರ್ವ್ ಪಟ್ಟಣದ ನನ್ನ ಗ್ರೀಕ್ ನೆಂಟರೇ, ನಿಸಾ ಕೋಟೆಯ ಸಭಿಕರೇ,

ಈ ಸ್ಪಂದತಕನನ್ನು ಇಷ್ಟು ಹೊಗಳಿ ಬೀಳ್ಕೊಡುತ್ತಿದ್ದೀರಿ. ನಾನು ಮಾಡಿದ್ದಾದರೂ ಏನು? ನಲವತ್ತು ವರ್ಷ ಮಡಿಕೆಯ ಚೂರುಗಳ ಮೇಲೆ ರಸ ಹಿಂಡಿದ ವರ್ಷ ಬರೆದೆ. ಅಷ್ಟೇ. ಆದರೆ ಯಾವ ವರ್ಷ? ನನ್ನ ಮದುವೆಯ ವರ್ಷವನ್ನೇ ತೆಗೆದುಕೊಳ್ಳಿ, ನಮ್ಮ ಅರಸರ ಲೆಕ್ಕದಲ್ಲಿ ನೂರೈವತ್ತೆಂಟು ಎಂದರೆ ಬಾಬಿಲೋನಿನವರಿಗೆ ಇನ್ನೂರಿಪ್ಪತ್ತೆರಡು. ಗ್ರೀಕರದೂ ಇನ್ನೂರಿಪ್ಪತ್ತೆರಡೇ, ಆದರೆ ಅವರಿಗೆ ತುಂಬಾ ಅವಸರ. ನಾವೂ ಬಾಬಿಲೋನಿನವರೂ ಹೊಸ ವರ್ಷಕ್ಕೆ ವಸಂತ ಕಾಯುವಾಗ ಅವರು ಆರು ತಿಂಗಳು ಮೊದಲೇ, ದ್ರಾಕ್ಷಿ ಕೊಯ್ಲಿನಲ್ಲೇ ಹೊಸ ವರ್ಷ ಮಾಡಿ ಕೂತಿರುತ್ತಾರೆ! ಈ ಮೂರು ಲೆಕ್ಕಗಳೂ ಹನ್ನೆರಡನೆಯ ವಯಸ್ಸಿಗೇ ನನಗೆ ಬಾಯಿಪಾಠ. ಒಂದು ದಿನವೂ ತಪ್ಪಿಲ್ಲ.

ನನ್ನ ಮದುವೆಯ ಕಥೆ ನಿಮಗೆಲ್ಲ ಗೊತ್ತೇ ಇದೆ. ಮರ್ವ್‌ನ ಮಿರ್ಟೋಗೆ, "ಇನ್ನೂರಿಪ್ಪತ್ತೆರಡರ ಕೊಯ್ಲಿಗೆ ಬರ್ತೀನಿ" ಎಂದು ಮಾತು ಕೊಟ್ಟಿದ್ದೆ. ಅವರ ಲೆಕ್ಕದಲ್ಲಿ ಇನ್ನೂರಿಪ್ಪತ್ತೆರಡು ಹುಟ್ಟುವ ಕೊಯ್ಲಿಗೇ ಅವಳು ಸಿಂಗರಿಸಿಕೊಂಡು ಕಾದಳು. ನಾನು ಹೋದದ್ದು ಅದರ ಮುಂದಿನ ವಸಂತದಲ್ಲಿ ಹುಟ್ಟಿದ ನಮ್ಮ ಕಡೆಯ ಇನ್ನೂರಿಪ್ಪತ್ತೆರಡರ ಕೊಯ್ಲಿಗೆ, ಭರ್ತಿ ಒಂದು ವರ್ಷ ತಡವಾಗಿ.

"ಬರೋನಾಗಿದ್ರೆ ಬರ್ತಿದ್ದ ಕಣೇ. ಸುಮ್ನೆ ಆ ಕುದುರೆ ವ್ಯಾಪಾರಿಗೆ ಹೂಂ ಅನ್ನು" ಎಂದರಂತೆ ನಮ್ಮ ಅತ್ತೆ.

"ಅವ್ರ ಕಡೆ ಲೆಕ್ಕಾನೇ ಬೇರೆ ಅಮ್ಮಾ. ಪಾಪ, ಅವನಿಗೇನ್ ಗೊತ್ತು? ಇನ್ನೊಂದು ಕೊಯ್ಲು ನೋಡೋಣ" ಎಂದಳಂತೆ ಇವಳು.

ಇಂದಿಗೂ ಯಾರು ಕೇಳಿದರೂ ಅದನ್ನೇ ಹೇಳುತ್ತಾಳೆ, ಪಾಪ, ಅವರಿಗೆ ಗ್ರೀಕರ ಲೆಕ್ಕ ಗೊತ್ತಿರಲಿಲ್ಲ ಎಂದು.

ಯಾಕೆ ನಗುತ್ತಿದ್ದೀರಿ? ಹೆಂಗಸರ ಸಾಲಿನಲ್ಲಿ ಒಬ್ಬಳು ಮಾತ್ರ ನಗುತ್ತಿಲ್ಲ. ಬೆರಳು ಮಡಚಿ ಏನೋ ಎಣಿಸುತ್ತಿದ್ದಾಳೆ... ಹನ್ನೆರಡನೆಯ ವಯಸ್ಸು ಎಂದೆನಲ್ಲವೇ ನಾನು?

ಹೌದು, ಮಿರ್ಟೋ. ಗೊತ್ತಿತ್ತು. ಆ ಮೊದಲ ಕೊಯ್ಲಿಗೇ ಗಾಡಿ ಕಟ್ಟಿಯಾಗಿತ್ತು. ನಾನು ಮಣ್ಣುಕೈಯ ಬರಹಗಾರ, ನನ್ನದು ಅರೆಬರೆ ಗ್ರೀಕ್ ಮಾತು, ನಿಮ್ಮದು ದೊಡ್ಡ ಮನೆ. ಹೆದರಿದೆ. ಕುದುರೆ ಬಿಚ್ಚಿಸಿದೆ. ಆಮೇಲೆ ತಪ್ಪನ್ನು ಪಂಚಾಂಗದ ತಲೆಗೆ ಕಟ್ಟಿದೆ. ನೀನು ನಂಬಿದೆ. ಅದೇ ನನಗೆ ಇಷ್ಟು ವರ್ಷ ಚುಚ್ಚುತ್ತಿತ್ತು.

ಅಧ್ಯಕ್ಷರೇ, ಗ್ರೀಕರ ಲೆಕ್ಕದಲ್ಲಿ ಇಂದಿಗೆ ವರ್ಷ ಮುಗಿಯಿತು. ನಮ್ಮ ಲೆಕ್ಕದಲ್ಲಿ ವಸಂತದವರೆಗೆ ಸಮಯವಿದೆ. ದಯವಿಟ್ಟು ನನ್ನನ್ನು ನಮ್ಮ ಲೆಕ್ಕದಲ್ಲೇ ನಿವೃತ್ತಿಗೊಳಿಸಿ. ಇವತ್ತು ಮನೆಗೆ ಹೋಗಲು ಭಯವಾಗುತ್ತಿದೆ.

ಬೇಡ, ಬೇಡ. ಬರೆದುಕೊಳ್ಳಿ, ಅವಳ ಲೆಕ್ಕದಲ್ಲೇ ಆಗಲಿ. ಹೆದರಿ ಒಂದು ವರ್ಷ ಕಾಯಿಸಿದ್ದೇ ಸಾಕು. ಅವಳು ಆಗಲೇ ಎದ್ದು ಬಾಗಿಲ ಬಳಿ ನಿಂತಿದ್ದಾಳೆ. ಎಲ್ಲರಿಗೂ ಋಣಿ. ನಾನು ಹೊರಟೆ, ನಮಸ್ಕಾರ.