ಪಂಪಮ್ಮನ ಪಾಲಿನ ಗುಳಿಗಿ

ನೀವು ಕೊಟ್ಟ ಗುಳಿಗಿ ಖೊಟ್ಟಿ, ಕೊಟ್ರಬಸಮ್ಮಕ್ಕಾ! ಆಶಾ ಕಾರ್ಯಕರ್ತೆ ಅಂತ ಮನಿಮನಿಗೆ ಬಿಪಿ ಗುಳಿಗಿ ಹಂಚತೀರಿ. ಅದರಾಗ ಏನೈತಿ ಅಂತ ಯಾರರ ಕೇಳ್ಯಾರೇನು? ನನ್ನ ಹೆಂಡ್ತಿ ಪಂಪಮ್ಮ ಒಂದು ದಿನ ತಪ್ಪಿಸಿಲ್ಲ. ಆದ್ರೂ ಮೊನ್ನಿ ರೊಟ್ಟಿ ಬಡಿಯಾಕ ಕುಂತಾಕಿ ಹಂಗ ಒಂದು ಕಡಿಗೆ ವಾಲಿದ್ಳು. ಈಗ ಬಳ್ಳಾರಿ ಆಸ್ಪತ್ರ್ಯಾಗ ಅದಾಳ. ಬಾಯಿ ಸೊಟ್ಟಾಗೈತಿ, ಬಲಗೈ ಏಳವಲ್ದು. ರೇಷನ್ ಕಾರ್ಡ್ ಒಯ್ಯಾಕ ಬಂದೀನಿ ನಾ.

ಕುಂದರ್ರಿ. ಒಲ್ಲೇನು? ಹಂಗಾರ ನಿಂತ ಕೇಳ್ರಿ.

ನಾ ಓದಿದ್ದು ನಾಕನೇ ಕ್ಲಾಸು. ಕಾಯ್ದೆ ನಾನ ಓದಿ ಕಲ್ತೀನಿ. ಈ ಉಚ್ಚಂಗೆಪ್ಪನ ಅರ್ಜಿ ಅಂದ್ರ ಕೂಡ್ಲಿಗಿ ಆಫೀಸಿನ ಗುಮಾಸ್ತರು ಕುಡಿಯೋ ಚಾ ಬಿಟ್ಟು ಏಳ್ತಾರ. ನಾಳಿ ನಿಮ್ಮ ಮ್ಯಾಲ ಬರೀತೀನಿ... ಯಾಕ, ಎತ್ತಾಗ ನೋಡಾಕತ್ತೀರಿ?

ಟಗರಾ? ಹೌದು, ಹೋದ ತಿಂಗಳ ನಿಮ್ಮನ್ನ ಬೆನ್ನಟ್ಟಿ ಕಟ್ಟಿ ಮ್ಯಾಲ ಹತ್ತಿಸಿತ್ತು. ಬಾಜು ಮನಿ ಮಂಜಮ್ಮನ ಮೊಣಕಾಲು ಮುರದಿತ್ತು, ಖರೇ. ಈಗ ನೋಡ್ರಿ, ನೀವು ಮಗ್ಗಲಕ ನಿಂತೀರಿ, ತಲಿ ಸೈತ ಎತ್ತಿಲ್ಲ. ಪಾಪ, ವಯಸ್ಸಾತು. ಎರಡು ವರ್ಷಕ್ಕ ವಯಸ್ಸಾಗಬಾರ್ದೇನು? ನಗಬ್ಯಾಡ್ರಿ!

...ನಗಲಿಲ್ಲ ನೀವು. ಗೊತ್ತೈತಿ.

ಕಡಿಯಾಕ ಕೊಡು ಅಂದ್ರು ಊರವರು. ಬಾಟ್ಲಿ ಹಾಲು ಕುಡಿಸಿ ಬೆಳಸೀನಿ, ಹೆಂಗ ಕೊಡ್ಲಿ? ನಾ ಕೂಗಾಡಿದ್ರ ಏನಂತಾರ ಮಂದಿ? 'ಉಚ್ಚಂಗೆಪ್ಪಗ ಬಿಪಿ ಏರೈತಿ' ಅಂತಾರ. ಸಿಟ್ಟಂದ್ರ ಬಿಪಿ. ಟಗರಿಗೂ ರಕ್ತ ಐತಲ್ಲ... ಅಂತ ಯಾರೋ ಅಂತಿದ್ರು. ನಾನಲ್ಲ!

ಮಾತಾಡ್ರಿ! ಬೈರಿ! ಅತ್ತಾಗ್ಯಾಕ ಹೊಂಟ್ರಿ?

ಏ, ಟಗರು ತಿನ್ನೋ ದೋಣ್ಯಾಗ ಕೈ ಹಾಕಬ್ಯಾಡ್ರಿ. ಶೇಂಗಾ ಹಿಂಡಿ ಅದು, ಮೊನ್ನಿ ನೆನಿಸಿದ್ದು, ತಿನ್ನದ ಉಳದೈತಿ. ಬೆಳ್ಳಗಿರೋದಾ? ಅದು... ಅದು...

ಹಂಗ ನೋಡಬ್ಯಾಡ್ರಿ, ಅಕ್ಕಾ.

ಮುಂಜಾನಿಗೊಂದು, ಸಂಜಿಗೊಂದು. ಪಂಪಿ ಪಾಲಿನ ಗುಳಿಗಿ ಎರಡೂ, ಹಿಂಡಿ ಉಂಡ್ಯಾಗ ಇಟ್ಟು ಟಗರಿಗೆ ತಿನಿಸೀನಿ. ವಾರದಾಗ ಮರಿ ಹಂಗಾತು. ನನ್ನ ಮೊಣಕಾಲಿಗೆ ನೀವು ಕೊಟ್ಟಿದ್ರಲ್ಲ ಕ್ಯಾಲ್ಸಿಯಂ ಗುಳಿಗಿ, ಅದನ್ನ ಅರ್ಧ ಮುರದು ಪಂಪಿ ಕೈಯಾಗ ಇಡ್ತಿದ್ದೆ. ಅದೂ ಬೆಳ್ಳಗ. ಓದಾಕ ಬರಂಗಿಲ್ಲ ಆಕಿಗೆ. ನನ್ನ ಮುಖ ನೋಡಿ ನುಂಗತಿದ್ಳು.

ಸರೀರಿ ಈಚಿಗೆ! ಮೊನ್ನಿಯಿಂದ ಹಾಕಿಲ್ಲ ಅದಕ್ಕ. ಕಾಲು ಕೆರ್ಯಾಕತ್ತೈತಿ, ಕಣ್ಣು ನೋಡ್ರಿ... ಮೆಲ್ಲಕ. ಬೆನ್ನು ತೋರಿಸಬ್ಯಾಡ್ರಿ.

ಗುಳಿಗಿ ಯಾವಾಗರ ತಪ್ಪಿತ್ತೇನು ಅಂತ ಡಾಕ್ಟ್ರು ಕೇಳಿದ್ರು. ಇಲ್ಲ ಅಂದೆ. ಅದನ್ನ ನಂಬಿ ಔಷಧಿ ನಡಸ್ಯಾರ. ಫೋನ್ ತಗೀರಿ, ಅಕ್ಕಾ. ನಾ ಮಾತಾಡಿದ್ರ ಮತ್ತ ಸುಳ್ಳ ಹೇಳ್ತೀನಿ. ನೀವ ಹೇಳ್ರಿ. ಈಗ ಹೇಳ್ರಿ!