ಮಾಟದ ಕಾಲೇಜಿನ ಎಂಜಲು

ಡ್ಯಾಮಿನಿಂದ ನೀರು ಬಿಟ್ಟಿದ್ದರು. ಕಂಪ್ಲಿ ಸೇತುವೆ ಮುಳುಗಿತ್ತು. ಗಂಗಾವತಿ ಕಡೆಯ ಬಸ್ಸುಗಳೆಲ್ಲ ಹೊಳೆಯ ಈಚೆಗೇ ನಿಂತಿದ್ದವು. ಮಳೆ ಮಧ್ಯಾಹ್ನ ಹಿಡಿದದ್ದು ಸಂಜೆ ಐದಾದರೂ ಬಿಟ್ಟಿರಲಿಲ್ಲ.

ನಾನು ಸೇತುವೆ ದಾಟಬೇಕಿರಲಿಲ್ಲ. ದುರ್ಗಕ್ಕನನ್ನು ಹುಡುಕಿಕೊಂಡು ಹೊಸಪೇಟೆಯಿಂದ ಬಂದಿದ್ದೆ. ರೈಸ್‌ಮಿಲ್ಲಿನ ಗೋಡೆಗೆ ತಗಡು ಇಳಿಬಿಟ್ಟುಕೊಂಡು ಅವಳು ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುತ್ತಾಳೆ. ಎಪ್ಪತ್ತು ದಾಟಿದ ಹೆಂಗಸು. ಸತ್ತವರನ್ನು ಒಂದು ಸಲ ಕರೆಸಿ ತೋರಿಸುವುದು ಅವಳಿಗೆ ಗೊತ್ತಿದೆ ಎಂದು ನಮ್ಮ ಓಣಿಯ ವಿರುಪಮ್ಮ ಹೇಳಿದ್ದಳು.

ನನ್ನ ಗಂಡ ಈಶ್ವರ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಮರಿಯಮ್ಮನಹಳ್ಳಿ ರಸ್ತೆ, ಅದಿರಿನ ಲಾರಿ. ಬಟ್ಟೆ ಸುತ್ತಿಯೇ ಮನೆಗೆ ತಂದರು. ಮುಖ ತೋರಿಸಲಿಲ್ಲ. ನನಗೆ ಆ ಮುಖ ನೋಡಬೇಕಿತ್ತು, ಅಷ್ಟೇ. ಅವರಿಗೆ ಇಷ್ಟವಾದದ್ದನ್ನು ಮಾಡಿಕೊಂಡು ಹೋಗು ಎಂದೂ ವಿರುಪಮ್ಮ ಹೇಳಿದ್ದರಿಂದ ನನ್ನ ಚೀಲದಲ್ಲಿ ಸ್ಟೀಲಿನ ಡಬ್ಬಿ ಇತ್ತು. ಬದನೆಕಾಯಿ ಎಣ್ಣೆಗಾಯಿ, ಎರಡು ರೊಟ್ಟಿ.

ಅಂಗಡಿಯಲ್ಲಿ ಬಸ್ ಡ್ರೈವರ್ ಪಾಲಪ್ಪ, ಮಿಲ್ಲಿನಲ್ಲಿ ಅಕ್ಕಿ ಕೇರುವ ತಾಯಕ್ಕ, ನಾನು. ದುರ್ಗಕ್ಕ ನಮಗೆ ಕೊಡುವ ಮೊದಲು ಒಂದು ತಾಟಿಗೆ ಒಗ್ಗರಣೆ ಹಾಕಿ, ಎರಡು ಮಿರ್ಚಿ ಇಟ್ಟು, ಮೂಲೆಯ ಮಣೆಯ ಮುಂದೆ ಇಟ್ಟುಬಂದಳು. ಅಲ್ಲಿ ಯಾರೂ ಇರಲಿಲ್ಲ. ದೇವರಿಗೆ ಇರಬೇಕು ಅಂದುಕೊಂಡೆ.

ನನ್ನ ತಾಟಿನಲ್ಲಿ ನೊಣವೊಂದು ಬಿತ್ತು. ತೆಗೆದೆಸೆದು ತಿನ್ನುತ್ತ ಹೋದೆ. ತಲೆ ಎತ್ತಿದಾಗ ದುರ್ಗಕ್ಕ ನನ್ನನ್ನೇ ನೋಡುತ್ತಿದ್ದಳು.

ಬಸ್ಸಂತೂ ಹೋಗುವುದಿಲ್ಲ, ನಿನ್ನ ಮಾಟದ ಕಾಲೇಜಿನ ಕತೆಯಾದರೂ ಹೇಳು ಎಂದು ತಾಯಕ್ಕ ಕೆಣಕಿದಳು. ಪಾಲಪ್ಪ ನಕ್ಕ. "ಡಿಗ್ರಿ ಕೊಡ್ತಿದ್ರೇನಬೇ ಅಲ್ಲಿ? ನನ್ನ ಮಗ ಪಿಯುಸಿ ಮೂರು ಸಲ ಡುಮ್ಕಿ ಹೊಡದಾನ. ಅಲ್ಲಿಗರೆ ಹಾಕ್ತಿದ್ನಿ."

ದುರ್ಗಕ್ಕ ನಗಲಿಲ್ಲ. ಒಲೆಯ ಉರಿ ತಗ್ಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಕುಳಿತಳು.

"ನಗ್ರಿ... ನಗ್ರಿ. ನಾನೂ ಮೊದ್ಲು ನಕ್ಕಿದ್ನಿ. ಸಂಡೂರು ಗುಡ್ಡದ ಮ್ಯಾಲ, ಯಾವ್ದೋ ಹಳೇ ಗಣಿಯೋರು ಬಿಟ್ಟು ಹೋದ ಕ್ವಾಟ್ರಸ್ಸು ಇದ್ವು, ಸಾಲಾಗಿ ಹನ್ನೊಂದು ಖೋಲಿ, ಮುಂದ ಒಂದು ಅಂಗಳ, ಹಿಂದ ಒಂದು ನೀರಿನ ಟಾಕಿ... ಅದಾ ಕಾಲೇಜು. ನಮ್ಮ ವಂಶದೋರು ಹಂಪಿ ಅರಸರಿಗೆ ವಿದ್ಯೆ ಕಲಿಸಿದೋರು, ಅರಮನಿ ಸುಟ್ಟ ಮ್ಯಾಲ ಪುಸ್ತಕ ಹೊತ್ಕಂಡು ಗುಡ್ಡ ಹತ್ತಿದೋರು ಅಂತ ದೊಡ್ಡಯ್ಯ ಹೇಳ್ತಿದ್ದ. ಅವನಾ ಪ್ರಿನ್ಸಿಪಾಲ. ಪುಸ್ತಕ ನಾನಂತೂ ನೋಡ್ಲಿಲ್ಲ. ಹಾಜರಿ ಪುಸ್ತಕ ಒಂದು ಇತ್ತು, ಅದನ್ನ ನೋಡೀನಿ.

"ನಲವತ್ತು ಹುಡುಗ್ರು. ನಾ ಅಡಗಿ ಮಾಡಾಕಿ. ಗುಡ್ಡದಾಗ ಅದಿರು ತೆಗಿಯೋ ಕಾಲ ಅದು, ಲಾರಿ ಓಡಿ ಓಡಿ ಅನ್ನದ ಮ್ಯಾಲೂ ಕೆಂಪು ಧೂಳು ಕುಂದ್ರತಿತ್ತು. ಹುಡುಗ್ರು ಎಲ್ಲಾ ಕಾಲೇಜಿನ ಹುಡುಗ್ರಂಗ ಇದ್ರು. ಮುಂಜಾನೆ ಏಳಂಗಿಲ್ಲ, ಸಾರಿಗೆ ಉಪ್ಪು ಕಮ್ಮಿ ಅಂತಾರ, ಸೀನಿಯರ್ ಹುಡುಗ್ರು ಜೂನಿಯರ್ ಹುಡುಗ್ರ ದಿಂಬಿನ ಕೆಳಗ ಸೂಜಿ ಚುಚ್ಚಿದ ನಿಂಬಿಹಣ್ಣು ಇಟ್ಟು ರಾತ್ರೆಲ್ಲಾ ಅಳಸ್ತಾರ. ಒಬ್ಬಾವ ಪರೀಕ್ಷಿ ದಿನ ಜ್ವರ ಬರಲಿ ಅಂತ ತನಗ ತಾನಾ ಮಾಟ ಮಾಡ್ಕಂಡು, ತಿಂಗಳಾದ್ರೂ ಜ್ವರ ಇಳೀಲಿಲ್ಲ..."

ಪಾಲಪ್ಪ ಮತ್ತೆ ನಕ್ಕ. ಅವಳು ಅವನ ಕಡೆ ನೋಡದೆ ಮುಂದುವರಿಸಿದಳು.

"ಮೂರು ವರ್ಷದ ಓದು. ಕಡೀ ವರ್ಷ ಕರೆಯೋದು, ಅಂದ್ರ ಸತ್ತೋರನ್ನ ಕರೆಯೋದು. ನಡುವಿನ ವರ್ಷ ಹೆದರಿಕಿ ಬಿಡೋದು. ಮೊದಲ್ನೇ ವರ್ಷ ಏನು ಗೊತ್ತೇನು? ಹೇಸಿಗಿ ಬಿಡೋದು. ಮಂತ್ರ ಅಂಬೋದು ಬಾಯಾಗ ಇರತೈತಿ, ಬ್ಯಾಡ ಅನ್ನೋ ಬಾಯಾಗ ಅದು ನಿಲ್ಲಂಗಿಲ್ಲ ಅಂತಿದ್ದ ದೊಡ್ಡಯ್ಯ. ಹೆಂಗ ಬಿಡಸ್ತಿದ್ದ? ನಲವತ್ತು ಮಂದಿ ಉಂಡ ತಾಟಿನ್ಯಾಗ ಉಳದದ್ದು ಇರತೈತಲ್ಲ... ಅಗದು ಉಗುಳಿದ ಕರಿಬೇವು, ಅರ್ಧ ಕಚ್ಚಿದ ರೊಟ್ಟಿ, ಸಾರಿನ್ಯಾಗ ನೆಂದ ಅನ್ನ, ಕೈ ತೊಳದ ನೀರು... ಎಲ್ಲಾ ಒಂದು ಬಕೀಟಿಗೆ ಸುರಿಬೇಕು ನಾನು. ಮುಚ್ಚಳ ಹಾಕಿ ಎರಡು ದಿನ ಇಡಬೇಕು. ಮ್ಯಾಲ ಬಿಳೇ ಕೆನಿ ಕಟ್ಟತಿತ್ತು, ಮುಚ್ಚಳ ತೆಗದ್ರ ಉಸಿರಾಡಿದಂಗ ಬುಸ್ ಅಂತಿತ್ತು. ಮೂರನೇ ದಿನ ಮುಂಜಾನಿ, ಹಾಜರಿ ಕರೆಯೋ ಮೊದಲಾ, ಮೊದಲ್ನೇ ವರ್ಷದ ಹುಡುಗ್ರು ಸಾಲಾಗಿ ಕುಂತು ತಲಿಗೆ ಮೂರು ಹಿಡಿ ತಿನ್ನಬೇಕು. ವಾಂತಿ ಮಾಡಿದೋರು ಅದನ್ನೂ ಕೂಡಿಸಿ ತಿನ್ನಬೇಕು.

"ಮುಖ ತಿರುವಬ್ಯಾಡ ತಾಯಕ್ಕ, ಕೇಳ್ತೀನಿ ಅಂದಾಕಿ ನೀನಾ.

"ಆರು ತಿಂಗಳಿಗೆ ಅವ್ರ ಮುಖದಾಗ ಏನೋ ಒಂದು ಆರಿ ಹೋಗತಿತ್ತು. ಟಾಕಿನ್ಯಾಗ ಇಲಿ ಸತ್ತು ಉಬ್ಬಿ ತೇಲ್ತಿದ್ರ ಅತ್ಲಾಗ ಸರಿಸಿ ನೀರು ಕುಡಿತಿದ್ರು. ಒಬ್ಬರ ಹುಣ್ಣು ಒಬ್ಬರು ನೋಡಿ ನಗತಿದ್ರು. ಹೇಸಿಗಿ ಹೋದ ಹಿಂದ ನಾಚಿಗಿ ಹೋಗತೈತಿ, ನಾಚಿಗಿ ಹಿಂದ ಕರುಣಿ ಹೋಗತೈತಿ... ಅವೆಲ್ಲಾ ಒಂದಾ ದಾರದಾಗ ಪೋಣಿಸಿದ್ದು, ಗೊತ್ತಾತಿಲ್ಲೋ? ಆದ್ರ ವಿದ್ಯೆ ಬರತಿತ್ತು. ಸುಳ್ಳು ಹೇಳಂಗಿಲ್ಲ. ಅವ್ರು ಬೆರಳು ಮಾಡಿ ತೋರಿಸಿದ್ರ ಹಾರೋ ಕಾಗಿ ಕಲ್ಲಿನಂಗ ಬೀಳತಿತ್ತು.

"ಆವಾಗ ಬಂದ ಕೊಟ್ರಯ್ಯ. ಹೊಸಪೇಟಿ ಕಡೆ ಪಾಪಿನಾಯಕನಹಳ್ಳಿಯಾವ, ಇಪ್ಪತ್ತಾರು ವರ್ಷ, ಲಗ್ನ ಆಗಿ ಎರಡು ವರ್ಷಕ್ಕ ಹೆಂಡ್ತಿನ್ನ ಕಳಕಂಡಿದ್ದ. ಸ್ಫೂರ್ತಿ ಅಂತ ಹೆಸ್ರು. ಅರಿವಿ ಒಗಿಯಾಕ ಹೋಗಿ ಕಾಲುವಿಗೆ ಬಿದ್ದಾಕಿ, ಆರು ದಿನ ಆದ ಮ್ಯಾಲ ಸಿಕ್ಕಳು. ಊರೋರು ಅವನಿಗೆ ಮುಖ ತೋರಿಸಲಿಲ್ಲ. ಒಂದಾ ಸಲ ಮುಖ ನೋಡಬೇಕು ಅಂತಾ ಅವ ಆ ಕಾಲೇಜಿಗೆ ಸೇರಿದ."

ಅವಳು ನನ್ನ ಕಡೆ ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ. ಒಳಗೆ ಡಬ್ಬಿ ಸದ್ದಾಯಿತು.

"ಅವನ ಕೈಲಿ ಆಗಲಿಲ್ಲ ಆ ಬಕೀಟು. ತಿಂತಾನ, ಕಕ್ಕತಾನ, ಕಕ್ಕಿದ್ದು ತಿಂತಾನ... ನಾಕನೇ ಸಲಕ್ಕ ರಕ್ತ ಬಂತು. ನೋಡಿ ನೋಡಿ ನನಗ ತಡೀಲಿಲ್ಲ. ನಾ ಏನು ಮಾಡಿದೆ? ಅವನ ಬಟ್ಟಲಕ್ಕ ಮಾತ್ರ ಬಿಸಿ ಅನ್ನ ಕಿವುಚಿ, ಸಾರು ಹಾಕಿ, ಬಾಳಿಹಣ್ಣು ಹಿಚುಕಿ, ಮ್ಯಾಲ ಎರಡು ಕರಿಬೇವು ಒಗದು, ನೋಡಾಕ ಹಂಗಾ ಇರಬೇಕು, ಹಂಗ ಮಾಡಿ ಕೊಟ್ನಿ. ಯಾರಿಗೂ ಗೊತ್ತಾಗಲಿಲ್ಲ. ಒಂದು ವರ್ಷ ಕೊಟ್ನಿ. ಎಲ್ಲಾರೂ ಎಂಜಲ ತಿಂತಿದ್ರು, ಅವ ಅಡಗಿ ತಿಂತಿದ್ದ. ಮುಖ ಕಿವುಚೋದೂ ಕಲತ, ಬಿಡೋದೂ ಕಲತ. ದೊಡ್ಡಯ್ಯ ಅವನ್ನ ಪಾಸ್ ಮಾಡಿದ.

"ತಾಯಿ ಕರಳು ಅಂತೀರೇನು ಅದನ್ನ? ನನಗೂ ಹಂಗಾ ಅನಿಸಿತ್ತು.

"ಮೂರನೇ ವರ್ಷದ ಪರೀಕ್ಷಿ. ಅಮಾಸಿ, ಮಟಮಟ ಮಧ್ಯಾಹ್ನ. ಸತ್ತೋರು ರಾತ್ರಿ ಬರ್ತಾರಂತ ನಿಮಗ ಯಾರು ಹೇಳಿದ್ರು? ಅವ್ರು ಊಟದ ಹೊತ್ತಿಗೆ ಬರ್ತಾರ. ಅವ್ರಿಗೆ ಇಷ್ಟ ಆದದ್ದು ಮಾಡಿ, ಎಲಿ ಹಾಕಿ ಬಡಸಬೇಕು, ಎದುರಿಗೆ ಕುಂತು ಕರೀಬೇಕು. ಬಂದು ಉಂತಾರ. ಎಲಿ ಮ್ಯಾಲ ಒಂದಿಷ್ಟು ಬಿಡತಾರ. ಬಿಟ್ಟಿದ್ದನ್ನ ಕರದಾವ ಒಂದು ಅಗಳು ಉಳಿಸದಂಗ ಉಣ್ಣಬೇಕು. ಆವಾಗ ಪಂಕ್ತಿ ಮುಗೀತು ಅಂತ ಅವ್ರು ಏಳತಾರ. ಪಂಕ್ತಿ ಮುಗೀದ ಯಾರರೆ ಏಳತಾರೇನು? ನೀವು ಏಳತೀರೇನು? ಅವ್ರೂ ಏಳಂಗಿಲ್ಲ. ಅದಕ್ಕಾ ಆ ಬಕೀಟು, ಅದಕ್ಕಾ ಆ ಒಂದು ವರ್ಷ... ನನಗ ಅದು ಆ ದಿನಾನಾ ಗೊತ್ತಾಗಿದ್ದು.

"ನಾ ಅವನ್ನ ಅಡಗಿಮನಿಗೆ ಕರದು ಹೇಳಿದೆ, ಬ್ಯಾಡಪ್ಪ, ಪರೀಕ್ಷಿ ಬಿಡು, ನಿನ್ನ ಹೇಸಿಗಿ ಹೋಗಿಲ್ಲ ಅಂತ. ಅವ ನಕ್ಕ. 'ದುರ್ಗಕ್ಕಾ, ಒಂದಾ ತಾಟಿನ್ಯಾಗ ಉಂಡೋರು ನಾವು. ಆಕಿ ಎಂಜಲಕ್ಕ ನನಗ ಹೇಸಿಗಿ ಆಗತೈತೇನು?' ಅಂದ.

"ಆಕಿಗೆ ಒಗ್ಗರಣಿ, ಮಿರ್ಚಿ ಅಂದ್ರ ಜೀವ. ನಾನಾ ಮಾಡಿದೆ, ನಾನಾ ಬಡಸಿದೆ. ಅವ ಕರದ. ಮೊದ್ಲು ವಾಸನಿ ಬಂತು... ಕಾಲುವಿ ತಳದ ಕೆಸರಿನ ವಾಸನಿ. ಆಮ್ಯಾಲ ಎಲಿ ಮುಂದ ಕುಂದ್ರಾಕ ಹಾಕಿದ್ದ ಮಣಿ ಒದ್ದಿ ಆತು. ಆಮ್ಯಾಲ ಆಕಿ ಕುಂತಿದ್ಲು.

"ಅವ ಯಾವ ಮುಖ ನೋಡಬೇಕಂತ ಮೂರು ವರ್ಷ ಗುಡ್ಡದ ಮ್ಯಾಲ ಬಿದ್ದಿದ್ದನೋ ಆ ಮುಖ ಅಲ್ಲವ್ವಾ. ಸತ್ತೋರು ಇದ್ದಂಗ ಬರಂಗಿಲ್ಲ. ಸತ್ತ ಮ್ಯಾಲ ಹೆಂಗ ಆಗ್ಯಾರಲ್ಲ, ಹಂಗ ಬರ್ತಾರ. ಆರು ದಿನ ನೀರಾಗಿದ್ದ ಮುಖ... ತುಟಿ ಮೀನು ತಿಂದಿದ್ವು. ತುಟಿ ಇಲ್ದಾಕಿ ಹೆಂಗ ಉಣ್ಣಬೇಕು? ಬಾಯಿಗೆ ಹಾಕಿದ್ದು ಹೊಳ್ಳಿ ಎಲಿ ಮ್ಯಾಲ ಬೀಳತಿತ್ತು, ಹಳದಿ ನೀರು ಕೂಡಿ, ಕೂದಲು ಕೂಡಿ. ಆಕಿ ನಾಚಿಕೊಂಡಳ್ರಿ. ಗಂಡನ ಮುಂದ ಹಂಗ ಉಣ್ಣಾಕ ನಾಚಿಕೊಂಡು ಎಡಗೈಲೆ ಬಾಯಿ ಮುಚ್ಚಿಕಂಡಳು. ಅದನ್ನ ನಾ ನೋಡೀನಿ.

"ಆಕಿ ಕೈ ನಿಲ್ಲಿಸಿದಳು. ಅವ ಒಂದು ತುತ್ತು ಎತ್ತಿದ, ಬಾಯಿಗಿಟ್ಟ... ನಾ ಅವನ ಮುಖಾನಾ ನೋಡತಿದ್ನಿ. ಒಂದು ವರ್ಷ ನಾ ಕಾದಿಟ್ಟ ಹೇಸಿಗಿ ಎಲ್ಲಾ ಒಂದಾ ಸಲ ಬಂತು ಅವನ ಮುಖಕ್ಕ. ಆಕಿ ಕಣ್ಣ ಮುಂದಾ ಕಕ್ಕಿದ. ಎದ್ದು ಗುಡ್ಡ ಇಳದು ಓಡಿದ. ದೊಡ್ಡಯ್ಯ ಏನು ಮಾಡಿದ ಅಂತೀರಿ? ಅಷ್ಟು ಹುಡುಗ್ರಿಗೆ ಹೇಸಿಗಿ ಬಿಡೋದು ಕಲಿಸಿದಾವ ಮೂಗಿಗೆ ಶಲ್ಯ ಹಿಡಕಂಡು, ಬಡಸಿದ ಕೈ ಉಣ್ಣಲಿ ಅಂತ ಹೇಳಿ ಹೊರಗ ಹೋದ.

"ಉಂಡೆ ನಾನು. ಬ್ಯಾರೆ ಯಾರು ಉಣ್ಣಬೇಕಿತ್ತು? ಆಕಿ ಎದುರಿಗೆ ಕುಂತು, ಎಲಿ ಸಾರಿಸಿ ಉಂಡೆ. ಎಷ್ಟೋ ವರ್ಷ ಆತು, ನಾಲಿಗಿ ಇನ್ನೂ ಅಂಟಂಟು ಅಂತೈತಿ. ಆದ್ರ ಅವ ಕಕ್ಕಿದ ಆ ಒಂದು ತುತ್ತು ಕೆಂಪು ಮಣ್ಣಾಗ ಇಂಗಿ ಹೋಗಿತ್ತು. ಅದನ್ನ ಹೆಂಗ ಉಣ್ಣಲಿ? ಮಣ್ಣು ಕೆರದು ಬಾಯಿಗೆ ಹಾಕಿದೆ... ಇರುವಿ ಒಯ್ದದ್ದು ಒಯ್ದಿದ್ವು. ಪಂಕ್ತಿ ಮುಗೀಲಿಲ್ಲ.

"ಕೊಟ್ರಯ್ಯ ನಾಕು ತಿಂಗಳು ಬದುಕಿದ. ಅವರವ್ವ ಮಾಡಿ ಹಾಕ್ತಾನಾ ಇದ್ಲು. ಎದುರಿಗೆ ಆಕಿ ಕುಂತಾಳ, ಆಕಿ ಬಾಯಿ ಹಾಕಿದ್ದು ನಾ ಹೆಂಗ ಉಣ್ಲಿ ಅಂತ ತಾಟು ಸರಸತಿದ್ನಂತ. ತುಂಬಿದ ತಾಟಿನ ಮುಂದಾ ಒಣಗಿ ಸತ್ತ. ಆ ವರ್ಷಾನಾ ಗಣಿ ನಿಂತ್ವು, ಕಾಲೇಜೂ ಮುಚ್ಚಿತು. ಹುಡುಗ್ರು? ಅದಾರ, ಎಲ್ಲಾ ಕಡೆ ಅದಾರ. ಹೇಸಿಗಿ ಇಲ್ದೋರಿಗೆ ಈಗಿನ ಕಾಲದಾಗ ಕೆಲಸಕ್ಕೇನು ಬರ ಐತೇನು?"

ಪಾಲಪ್ಪ ತನ್ನ ತಾಟನ್ನು ಆಗಲೇ ಕೆಳಗಿಟ್ಟಿದ್ದ. ತಾಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಳೆ ಸಣ್ಣಗಾಗಿತ್ತು.

ದುರ್ಗಕ್ಕ ನನ್ನ ಚೀಲಕ್ಕೆ ಬೆರಳು ತೋರಿಸಿದಳು.

"ಡಬ್ಯಾಗ ಏನೈತವ್ವಾ?"

"ಎಣ್ಣೆಗಾಯಿ."

"ಯಾರಿಗೆ?"

ನಾನು ಡಬ್ಬಿಯನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

"ನೊಣ ಬಿದ್ದದ್ದು ತಿಂದಿ ನೀನು. ಕರದ್ರ ಪಾಸ್ ಆಗತಿ, ಅದಕ್ಕಾ ನನಗ ಹೆದರಿಕಿ. ತಗಿ, ನನ್ನ ಮುಂದ ನೀನಾ ಉಣ್ಣು."

ಮುಚ್ಚಳ ಬಿಗಿಯಾಗಿತ್ತು. ತೆಗೆದೆ. ಬೆಳಿಗ್ಗೆ ಐದಕ್ಕೆ ಮಾಡಿದ್ದು, ಬಸ್ಸಿನ ಸೆಖೆಯಲ್ಲಿ ಬಂದದ್ದು. ಎಣ್ಣೆ ಮೇಲೆ ಬಂದು ನಿಂತಿತ್ತು. ಬದನೆಕಾಯಿ ಬಾಯಿ ಬಿಟ್ಟು, ಒಳಗಿನದು ಲೋಳೆಯಾಗಿ ಹೊರಗೆ ಇಳಿದಿತ್ತು. ಬಟ್ಟೆ ಸುತ್ತಿದ್ದರಲ್ಲ, ಅದರ ಒಳಗೆ ಏನಿತ್ತು ಎಂದು ನಾನು ಎಂಟು ತಿಂಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಯೋಚಿಸಿದೆ. ವಾಸನೆ ಮೂಗಿಗೆ ಬಂತು. ತಗಡಿನ ಹೊರಗೆ ತಲೆ ಹಾಕಿ, ಮಳೆಯಲ್ಲಿ, ಇದ್ದದ್ದನ್ನೆಲ್ಲ ಕಕ್ಕಿದೆ. ಕಕ್ಕುತ್ತಲೇ ಅಳು ಬಂತು. ಇಷ್ಟು ದಿನದಲ್ಲಿ ನನ್ನ ಬಾಯಿ ಬೇಡ ಎಂದದ್ದು ಅದೇ ಮೊದಲು.

ದುರ್ಗಕ್ಕ ಚೊಂಬು ಹಿಡಿದು ನಿಂತಿದ್ದಳು. "ಹಾಂ. ಐತಿ ನಿನಗ ಇನ್ನೂ. ಮನಿಗೆ ಹೋಗು," ಎಂದಳು. ಡಬ್ಬಿಯಲ್ಲಿದ್ದುದನ್ನು ಮೋರಿಗೆ ಸುರಿದು, ಬಳಿದು, ಡಬ್ಬಿ ನನ್ನ ಕೈಗೆ ಕೊಟ್ಟಳು.

ಹೊಸಪೇಟೆ ಬಸ್ಸು ಹಾರ್ನ್ ಹಾಕಿತು. ಅವಳ ಅಂಗಡಿಯಲ್ಲಿ ತಿಂದವರೇ ತಾಟು ಎತ್ತಿ ತೊಟ್ಟಿಯ ಹತ್ತಿರ ಇಡಬೇಕು. ನನ್ನದನ್ನು ಎತ್ತಿದೆ, ಪಾಲಪ್ಪ ಕೆಳಗಿಟ್ಟಿದ್ದನ್ನು ಎತ್ತಿದೆ. ಮೂಲೆಯ ತಾಟಿಗೂ ಕೈ ಹಾಕಿದೆ.

ಆ ಮೂಲೆ ಸೋರುತ್ತಿರಲಿಲ್ಲ. ಸುತ್ತಲ ನೆಲ ಒಣಗಿತ್ತು. ಮಣೆ ಮಾತ್ರ ಒದ್ದೆಯಾಗಿತ್ತು. ತಾಟಿನಲ್ಲಿ ಉದುರುದುರಾಗಿದ್ದ ಮಂಡಕ್ಕಿ ಹಳದಿ ನೀರಿನಲ್ಲಿ ನೆಂದು ಮುದ್ದೆಯಾಗಿತ್ತು. ಮಿರ್ಚಿಯ ತುದಿಯಲ್ಲಿ ಉದ್ದನೆಯ ಒಂದು ಕೂದಲು ಅಂಟಿಕೊಂಡಿತ್ತು.

ದುರ್ಗಕ್ಕ ಹಿಂದಿನಿಂದ ನನ್ನ ಮುಂಗೈ ಹಿಡಿದಳು. ದನಿ ಮೆತ್ತಗಿತ್ತು, ಮನೆಗೆ ಬಂದ ನೆಂಟರ ಮುಂದೆ ಮಾತಾಡುವ ಹಾಗೆ.

"ಅದನ್ನ ಬಿಡವ್ವಾ, ಅದು ನನ್ನ ಪಾಲು. ಇನ್ನೂ ಕೈ ನಿಲ್ಲಿಸಿಲ್ಲ ಆಕಿ... ನೀ ನಿಂತು ನೋಡಿದ್ರ ನಾಚಿಕೊಂತಾಳ."