ಕೊಸಾಯ್ ಬಿದ್ದ ಬಾವಿ

ಸುಳ್ಳು ಅನ್ನೋರು ಈಗಲೇ ಎದ್ದು ಹೋಗಿ... ಇದು ನನ್ನ ಚಿಕ್ಕಪ್ಪನ ಮಗ ಒರಿನ್‌ಬಾಯ್‌ಗೆ ಆದದ್ದು. ಮಂಗಿಸ್ತಾವಿನ ಇದೇ ಬಯಲಲ್ಲಿ.

ಅವನ ಅಣ್ಣ ಕೊಸಾಯ್ ಬಾವಿಯ ಹೂಳೆತ್ತುತ್ತಿದ್ದ. ನಮ್ಮ ಲಾರಿಯ ವಿಂಚಿನ, ಅಂದರೆ ಹಗ್ಗ ಸುತ್ತುವ ರಾಟೆಯ, ಉಕ್ಕಿನ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಇಳಿಯುತ್ತಿದ್ದ. ಲಾರಿ ಓಡಿಸೋದು ನಾನು, ವಿಂಚು ನೋಡಿಕೊಳ್ಳೋದು ಝುಮಾಶ. ನಾನಿಲ್ಲದ ಒಂದು ದಿನ ಕೊಸಾಯ್ ಬಿದ್ದು ಸತ್ತ. "ಹಗ್ಗದ ಕೊಕ್ಕೆ ಅವನೇ ಬಿಚ್ಚಿಕೊಂಡ" ಅಂದ ಝುಮಾಶ. ಎದೆ ಬಡಿದುಕೊಂಡು ಅತ್ತ. ಆಮೇಲೆ ಕೊಸಾಯ್ ಮನೆಯಲ್ಲೇ ಮಗನ ಹಾಗೆ ಉಂಡ.

ಈಗ ಅಣ್ಣನ ಬದಲು ಒರಿನ್‌ಬಾಯ್ ಬಾವಿಗೆ ಇಳಿಯಬೇಕು. ಹಿಂದಿನ ದಿನವೆಲ್ಲ ಝುಮಾಶ ಒಬ್ಬನೇ ಕೂತು ವಿಂಚಿನ ಬ್ರೇಕು ಬಿಚ್ಚಿ ಜೋಡಿಸಿದ. ರೊಟ್ಟಿ ಮುರಿದು ಬಾಯಿಗಿಟ್ಟ.

"ಬ್ರೇಕಿನ ಪ್ಲೇಟೆಲ್ಲ ಹೊಸದು ಹಾಕಿದ್ದೀನಿ ತಮ್ಮಾ. ಸುಳ್ಳಾದ್ರೆ ಈ ರೊಟ್ಟಿ ನನ್ನ ಹೊಡೀಲಿ."

ನಮ್ಮಲ್ಲಿ ಆ ಆಣೆಯ ಮೇಲೆ ಮಾತಿಲ್ಲ.

ಒರಿನ್‌ಬಾಯ್ ಕತ್ತಲಾದ ಮೇಲೆ ನಮ್ಮ ಅಂಗಳದಿಂದ ತನ್ನ ಮನೆಗೆ ಹೊರಟ. ದಾರಿ ಕೊಸಾಯ್ ಬಿದ್ದ ಬಾವಿಯ ಪಕ್ಕದ್ದೇ. ಗಾಳಿಯಿಲ್ಲ... ಒಳಗಿಂದ ಕಿರ್ರ್... ಕಿರ್ರ್... ಭಾರ ಹೊತ್ತ ವಿಂಚಿನ ಡ್ರಮ್ಮು ತಾನೇ ಜಾರುವ ಸದ್ದು. ಬ್ರೇಕು ಹಿಡಿದರೆ ಟಕ್ ಅನ್ನಬೇಕು. ಅನ್ನಲೇ ಇಲ್ಲ.

"ಯಾರದು?"

"ಬಿಚ್ಚಿ ನೋಡೋ, ತಮ್ಮಾ..."

ಅಣ್ಣನ ದನಿ.

"ಏನನ್ನ, ಕೊಸಾಯಣ್ಣಾ?"

ಕಿರ್ರ್... ಅಷ್ಟೇ.

ಬೆಳಗ್ಗೆ ಬಂದವನೇ ಪಟ್ಟು ಹಿಡಿದ. "ಬ್ರೇಕು ಬಿಚ್ಚು."

"ರೊಟ್ಟಿ ತಿಂದು ಆಣೆ ಇಟ್ಟಿದ್ದೀನಿ, ನಂಬಲ್ವೇನೋ ಪುಕ್ಲಾ?" ಝುಮಾಶ ನಕ್ಕ. ಸ್ಪ್ಯಾನರ್ ಮಾತ್ರ ಕೊಡಲಿಲ್ಲ. ನಾವಿಬ್ಬರೇ ಕಿತ್ತುಕೊಂಡು ಬಿಚ್ಚಿದೆವು.

ಪ್ಲೇಟುಗಳು ಸವೆದು ನುಣ್ಣಗಾಗಿದ್ದವು. ಒಂದೊಂದರ ಮೇಲೂ ಮೊಳೆಯಲ್ಲಿ ಗೀಚಿದ ಬಾಣ. ನಮ್ಮ ಕುಲದ ಒಂಟೆಗಳಿಗೆ ಹಾಕುವ ಮುದ್ರೆ ಅದು. ಎಸೆಯಬೇಕಾದ ಸಾಮಾನಿಗೂ ಕೊಸಾಯ್ ಅದನ್ನೇ ಗೀಚುತ್ತಿದ್ದ. ಅಂದರೆ ಇವು, ಸಾಯುವ ಮುಂಚೆ ಅವನೇ ಬೇಡವೆಂದು ತೆಗೆಸಿದ ಪ್ಲೇಟುಗಳು! ಝುಮಾಶ ಇವನ್ನೇ ಮತ್ತೆ ಹಾಕಿ, ಕೊಸಾಯ್ ತರಿಸಿದ್ದ ಹೊಸವನ್ನು ತನ್ನ ಭಾವಮೈದನ ಕ್ರೇನಿಗೆ ಕೊಟ್ಟಿದ್ದ. ಕೊಸಾಯ್ ಬಿದ್ದದ್ದು ಕೊಕ್ಕೆ ಬಿಚ್ಚಿ ಅಲ್ಲ, ಬ್ರೇಕು ಹಿಡಿಯದೆ ಅಂತ ಒದ್ದ ಮೇಲೆ ಒಪ್ಪಿಕೊಂಡ.

"ಅಣ್ಣಾ ಅಂತಿದ್ದೆನಲ್ಲೋ ನಿನ್ನ," ಅಂದ ಒರಿನ್‌ಬಾಯ್. "ನಮ್ಮಮ್ಮ ನಿಂಗೆ ಬಡಿಸಿದಳಲ್ಲೋ..."

ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೆ. ಒಬ್ಬ ಮಗನನ್ನು ಕೊಂದು, ಇನ್ನೊಬ್ಬನನ್ನೂ ಅದೇ ಹಗ್ಗಕ್ಕೆ ಕಟ್ಟಹೊರಟವನನ್ನು ಅವತ್ತೇ ಕಂಡದ್ದು.

ಇನ್ನೊಂದು ಮಾತು... ಎಂಜಿನ್ ಓಡದೆ ಆ ವಿಂಚು ಹಗ್ಗ ಸುತ್ತಲ್ಲ. ರಾತ್ರಿಯಿಡೀ ಲಾರಿ ನಮ್ಮ ಅಂಗಳದಲ್ಲಿತ್ತು, ಕೀಲಿ ನನ್ನ ದಿಂಬಿನಡಿ. ಬೆಳಗ್ಗೆ, ಬ್ರೇಕು ಬಿಚ್ಚುವ ಮುಂಚೆ, ಹಿಂದಿನ ದಿನ ಒಣಗಿದ್ದ ಹಗ್ಗದ ತುದಿ ಮುಟ್ಟಿದೆ. ಒದ್ದೆ. ಬಾವಿಯ ಕೆಸರು ಮೆತ್ತಿತ್ತು, ತಣ್ಣಗೆ. ಮುಟ್ಟಿದ ಕೈ ಇದೇ.